ಬೇಳೆ ಬೇಯಿಸಿ ನೀರು ಆರಿಸಿದ ರಾಯವ್ವ

ಮಿರಜದ ಹತ್ತಿರದ ಖಂಡೇರಾಜುರಿಯಲ್ಲಿ ರಾಯವ್ವನಿಗಿಂತ ರಾಯವ್ವನ ಬಲಗೈಗೆ ಹೆಚ್ಚು ಮರ್ಯಾದೆ. ಬದನೆಯ ಮೊದಲ ಸಸಿ ಅವಳೇ ನೆಡಬೇಕು, ಅರಿಸಿನದ ಮೊದಲ ಗಡ್ಡೆ ಅವಳೇ ಊರಬೇಕು, ಹೊಸದಾಗಿ ಈದ ಎಮ್ಮೆಯ ಹಾಲಿಗೆ ಮೊದಲ ಹೆಪ್ಪು ಅವಳೇ ಹಾಕಬೇಕು. ಕರೆಯಲು ಬಂದವರು ಅವಳ ಮೈ ಹೇಗಿದೆ ಎಂದು ಕೇಳುವುದಿಲ್ಲ, ಕೈ ಬಿಡುವಾಗಿದೆಯೇ ಎಂದು ಕೇಳುತ್ತಾರೆ. ಅವಳ ಕೈಗುಣ ಅಂಥದು ಎಂದು ಊರೇ ಒಪ್ಪಿತ್ತು. ಊರು ಒಪ್ಪುವ ಮೊದಲೇ ರಾಯವ್ವನೂ ಒಪ್ಪಿದ್ದಳು ಅನ್ನುವುದು ಬೇರೆ ಮಾತು.

ಈ ಮಹಾ ಕೈಯನ್ನು ಹೊತ್ತುಕೊಂಡು ಅವಳು ದಿನವೂ ಬೆಳಿಗ್ಗೆ ಏಳರ ಬಸ್ಸಿಗೆ ಮಿರಜಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಾಂಗ್ಲಿಯ ಒಂದು ಮನೆಗೆ ಪಾತ್ರೆ ತಿಕ್ಕಲು, ನೆಲ ಒರೆಸಲು ಹೋಗುತ್ತಿದ್ದಳು. ವಯಸ್ಸು ಐವತ್ತೆಂಟು. ಗಂಡ ಮಾರೆಪ್ಪ ಊರಲ್ಲೇ ಕುರಿ ಕಾಯುತ್ತಾನೆ, ಕುರಿಗಳ ಜೊತೆ ಆಡುವಷ್ಟು ಮಾತನ್ನು ಹೆಂಡತಿಯ ಜೊತೆ ಆಡುವುದಿಲ್ಲ. ಆ ಕೊರತೆಯನ್ನು ರಾಯವ್ವ ಬಸ್ಸಿನಲ್ಲಿ ತುಂಬಿಕೊಳ್ಳುತ್ತಾಳೆ. ಪಕ್ಕದ ಸೀಟಿನಲ್ಲಿ ಅದೇ ಊರಿನ ದುಂಡವ್ವ ಇರುತ್ತಾಳೆ. ಅವಳು ಏಳು ವರ್ಷ ಚಿಕ್ಕವಳು, ರಾಯವ್ವ ಕೆಲಸ ಮಾಡುವ ಮನೆಯ ಎದುರು ಮನೆಯಲ್ಲೇ ರೊಟ್ಟಿ ಬಡಿಯುತ್ತಾಳೆ. ದುಂಡವ್ವನ ಕಿವಿ ಸಾಂಗ್ಲಿಯಲ್ಲಿ ಕೇಳಿದ್ದನ್ನು ಅವಳ ಬಾಯಿ ಸಂಜೆಯೊಳಗೆ ಖಂಡೇರಾಜುರಿಗೆ ಮುಟ್ಟಿಸುತ್ತದೆ.

ರಾಯವ್ವನ ಯಜಮಾನಿ ಛಾಯಾಳನ್ನು ಮರಾಠಿ ರೂಢಿಯಂತೆ ಎಲ್ಲರೂ ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಅವಳಿಗೆ ಆರ್ಕಿಡ್ ಹುಚ್ಚು. ಹನ್ನೊಂದು ಕುಂಡ. ಮಣ್ಣಿಲ್ಲದೆ ಇದ್ದಿಲು, ತೆಂಗಿನ ಸಿಪ್ಪೆಯ ಚೂರುಗಳಲ್ಲಿ ಬೇರು ಬಿಟ್ಟುಕೊಂಡು ಕೂರುವ ಆ ಗಿಡಗಳನ್ನು ಮೊದಲ ದಿನ ನೋಡಿದಾಗ ರಾಯವ್ವ, "ವಹಿನಿ, ಇವಕ್ಕ ಮಣ್ಣ ಹಾಕೂದು ಮರತೀರಿ ಏನ್ರಿ?" ಎಂದು ಕೇಳಿ ಬೈಸಿಕೊಂಡಿದ್ದಳು. ವಹಿನಿ ಮೊಬೈಲಿನಲ್ಲಿ ವಿಡಿಯೋ ನೋಡಿ ಅವುಗಳನ್ನು ಸಾಕುತ್ತಿದ್ದಳು, ಬೆಳಿಗ್ಗೆ ಅವುಗಳಿಗೆ ಭಜನೆ ಹಚ್ಚುತ್ತಿದ್ದಳು. ನೀರು ಹಾಕುವ ಕೆಲಸ ಮಾತ್ರ ರಾಯವ್ವನದು.

ಯಾವ ನೀರು ಎಂಬುದನ್ನೂ ವಹಿನಿಯೇ ಗೊತ್ತುಮಾಡಿದ್ದಳು. ಅದು ಜೈನರ ಮನೆ. ಅಲ್ಲಿ ಬಟ್ಟೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುವುದಿಲ್ಲ, ಒಂದು ತಂಬಿಗೆ ನೀರನ್ನೂ ಸುಮ್ಮನೆ ಚೆಲ್ಲುವುದಿಲ್ಲ. ಅಡುಗೆಮನೆಗೆ ಫಿಲ್ಟರ್ ಯಂತ್ರ ಬಂದಾಗ ವಹಿನಿಯ ಮಾವ, ಎಂಬತ್ತೆರಡರ ರಾವಸಾಬ ಅಣ್ಣಾರಿಗೆ ಸಂಕಟವಾಯಿತು. ಆ ಯಂತ್ರ ಬೋರಿನ ನೀರು ಕುಡಿದು ಒಂದು ಲೋಟ ಒಳ್ಳೆಯ ನೀರು ಕೊಡುತ್ತದೆ, ಎರಡು ಲೋಟ ಹಿಂದಿನ ಪೈಪಿನಿಂದ ಉಗುಳುತ್ತದೆ. ಉಗುಳಿದ್ದನ್ನು ಮೋರಿಗೆ ಬಿಡಲು ಅಣ್ಣಾರಿಗೆ ಮನಸ್ಸಾಗದೆ ಪೈಪಿನ ಕೆಳಗೆ ನೀಲಿ ಬಕೆಟ್ ಇಡಿಸಿದರು. ವಹಿನಿ ಆ ನೀರನ್ನು ಆರ್ಕಿಡ್‌ಗಳಿಗೆ ಮೀಸಲಿಟ್ಟಳು.

"ಫಿಲ್ಟರ್ ಹೊಕ್ಕು ಬಂದ ನೀರದ ರಾಯವ್ವಾ, ಶುದ್ಧ ಅದ. ಬ್ಯಾರೆ ನೀರು ಮುಟ್ಟಿಸಬ್ಯಾಡ" ಎಂದು ಕಟ್ಟಪ್ಪಣೆಯಾಗಿತ್ತು. ರಾಯವ್ವ ಮುಟ್ಟಿಸಲಿಲ್ಲ.

ಮಾರ್ಚ್ ಹೊತ್ತಿಗೆ ಮೂರು ಕುಂಡ ಸತ್ತವು. ಉಳಿದ ಎಂಟರ ಎಲೆಗಳ ತುದಿ ಕಪ್ಪಾಗಿ, ಬೇರಿನ ತುದಿ ಸುಟ್ಟಂತಾಗಿ, ಗಿಡಗಳು ಬೇಸರ ಹಿಡಿದು ಕೂತವು. ವಹಿನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಗೇಟಿನ ಹತ್ತಿರ ನಿಂತು, ಎದುರು ಮನೆಯ ದುಂಡವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಅಂದುಬಿಟ್ಟಳು: "ರಾಯವ್ವಾ, ಸಿಟ್ಟಾಗಬ್ಯಾಡ, ಖರೆ ಹೇಳ್ತೀನಿ. ನಿನ್ನ ಕೈಗುಣ ಚೊಲೋ ಇಲ್ಲ."

ಪಾತ್ರೆ ಸರಿಯಾಗಿ ತಿಕ್ಕಿಲ್ಲ ಅಂದಿದ್ದರೆ ರಾಯವ್ವ ನಕ್ಕುಬಿಡುತ್ತಿದ್ದಳು. ಅದು ಖರೆಯೂ ಆಗಿರುತ್ತಿತ್ತು. ಆದರೆ ಕೈಗುಣ! ಒರೆಸುವ ಬಟ್ಟೆ ಅವಳ ಕೈಯಲ್ಲೇ ನಿಂತಿತು.

ಸಂಜೆ ಬಸ್ಸಿನಲ್ಲಿ ದುಂಡವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಮಗ ಬಾಳು ಈ ಜೂನಿನ ಮಿರಗದ ಮಳೆಗೆ ವೀಳ್ಯದ ಎಲೆಬಳ್ಳಿಯ ತೋಟ ಹಾಕುವವನಿದ್ದ. ಮೊದಲ ಬಳ್ಳಿ ಊರಲು ರಾಯವ್ವನೇ ಬರಬೇಕೆಂದು ಸಂಕ್ರಾಂತಿಗೇ ಮಾತಾಗಿತ್ತು.

"ಬಾಳೂನ ತೋಟದ ಕೆಲಸ ಎಲ್ಲೀಮಟಾ ಬಂತ?" ಎಂದು ರಾಯವ್ವ ತಾನಾಗಿ ಕೇಳಿದಳು.

"ನಡದೈತಿ. ಬಳ್ಳಿ ಊರೂದಕ್ಕ ಅವಸರ ಏನೈತಿ ರಾಯಕ್ಕಾ. ಮಿರಗ ಬರಲಿ, ನೋಡೂಣಂತ."

ಆ "ನೋಡೂಣಂತ" ರಾಯವ್ವನಿಗೆ ಚೆನ್ನಾಗಿ ಅರ್ಥವಾಯಿತು. ಎಂಟು ಕುಂಡಗಳು ಬದುಕಿದರೆ ಕೈ ಬದುಕಿತು. ಸತ್ತರೆ ಎಲೆತೋಟಕ್ಕೆ ಬೇರೆ ಯಾರಾದರೂ ಬರುತ್ತಾರೆ, ಆಮೇಲೆ ಊರಿನ ಒಂದು ಬದನೆ ಸಸಿಯೂ ಅವಳನ್ನು ಕೇಳುವುದಿಲ್ಲ.

ಮರುದಿನ ಅವಳು ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊದಲ ಬಾರಿಗೆ ಅವುಗಳನ್ನು ನಿಜವಾಗಿ ನೋಡಿದಳು. ಕುಂಡದ ಅಂಚಿನಲ್ಲಿ, ಇದ್ದಿಲಿನ ಮೇಲೆ ಬೆಳ್ಳಗೆ ಏನೋ ಹೊಪ್ಪಳಿಕೆ ಕಟ್ಟಿತ್ತು. ಸುತ್ತ ಯಾರೂ ಇಲ್ಲದ್ದು ನೋಡಿ ಒಂದು ಇದ್ದಿಲ ಚೂರು ಎತ್ತಿ ನಾಲಿಗೆಗೆ ಹಚ್ಚಿದಳು. ಉಪ್ಪು! ಥೂ ಎಂದು ಉಗಿದಳು. ನೀಲಿ ಬಕೆಟಿನ ನೀರನ್ನೂ ಬೊಗಸೆಯಲ್ಲಿ ಎತ್ತಿ ರುಚಿ ನೋಡಿದಳು, ಮತ್ತೆ ಉಗಿದಳು.

ನೀರಿನ ವಿಷಯದಲ್ಲಿ ರಾಯವ್ವನ ನಾಲಿಗೆಗೆ ತವರಿನ ಪಾಠವಿತ್ತು. ಅವಳಪ್ಪ ಧೋಂಡಪ್ಪ ಕುರಿ ಹಿಂಡಿನ ಹಿಂದೆ ಊರೂರು ತಿರುಗಿದವನು. ಹೊಸ ಜಾಗದಲ್ಲಿ ಹಿಂಡು ತರುಬುವ ಮೊದಲು ಅವಳವ್ವ ಅಲ್ಲಿಯ ನೀರಲ್ಲಿ ಒಂದು ಹಿಡಿ ತೊಗರಿಬೇಳೆ ಬೇಯಲು ಇಡುತ್ತಿದ್ದಳು. ಬೇಳೆ ಕರಗಿದರೆ ಅಲ್ಲಿ ವಸ್ತಿ. ಎಷ್ಟು ಕುದಿಸಿದರೂ ಬೇಳೆ ಹಟ ಹಿಡಿದರೆ ಅದು ಸವುಳು ನೀರು, ಮರಿಗಳ ಹೊಟ್ಟೆ ಕೆಡುತ್ತದೆ, ಗಂಟುಮೂಟೆ ಕಟ್ಟು. ಮನುಷ್ಯರ ನಾಲಿಗೆ ಒಮ್ಮೊಮ್ಮೆ ಸುಳ್ಳು ಹೇಳೀತು, ಬೇಳೆ ಹೇಳುವುದಿಲ್ಲ ಎಂಬುದು ಅವರ ಮನೆಯ ನಂಬಿಕೆ.

ಹೀಗಾಗಿ ಯುಗಾದಿ ಪಾಡವ್ಯ ಮುಗಿದ ಮೂರನೆಯ ದಿನ, ವಹಿನಿ ಮಹಿಳಾ ಮಂಡಳಕ್ಕೆ ಹೋದ ಮಧ್ಯಾಹ್ನ, ಹಿತ್ತಲಿನ ಒಲೆಯ ಮುಂದೆ ಪರೀಕ್ಷೆ ಏರ್ಪಾಡಾಯಿತು. ಐದು ಚಿಕ್ಕ ಪಾತ್ರೆ, ಐದರಲ್ಲೂ ಅಳೆದ ಒಂದೊಂದು ಹಿಡಿ ಬೇಳೆ. ಬೇಳೆ ವಹಿನಿಯದು, ಅದನ್ನು ಕೇಳಿ ತೆಗೆದುಕೊಳ್ಳುವ ಪದ್ಧತಿ ಪರೀಕ್ಷೆಯಲ್ಲಿ ಇರಲಿಲ್ಲ. ಮೊದಲನೆಯದು ಬೋರಿನ ನೀರು, ಎರಡನೆಯದು ನಳದಲ್ಲಿ ಬರುವ ಕೃಷ್ಣಾ ಹೊಳೆಯ ನೀರು, ಮೂರನೆಯದು ಫಿಲ್ಟರಿನ ಕುಡಿಯುವ ನೀರು, ನಾಲ್ಕನೆಯದು ನೀಲಿ ಬಕೆಟಿನದು. ಐದನೆಯದನ್ನು ಅವಳು ಸುಮ್ಮನೆ ಕುತೂಹಲಕ್ಕೆ ಸೇರಿಸಿದಳು. ವಹಿನಿಯ ಗಂಡ ಸಂಮೇದನ ಕೋಣೆಯ ಏಸಿ ಹಿತ್ತಲಲ್ಲಿ ತೊಟ್ಟಿಕ್ಕುತ್ತಿತ್ತಲ್ಲ, ಆ ನೀರು. ಸಾಂಗ್ಲಿಯ ಮಗ್ಗುಲಿನ ಕುಪವಾಡದಲ್ಲಿ ಸ್ವಂತ ವರ್ಕ್‌ಶಾಪ್ ಇದ್ದ ಸಂಮೇದ ಇಡೀ ದಿನ ಭಟ್ಟಿಯ ಬಿಸಿಯಲ್ಲಿ ನಿಂತು ಬಂದು, ರಾತ್ರಿಯಿಡೀ ಏಸಿ ಹಚ್ಚಿ ಮಲಗುತ್ತಿದ್ದ. ಬೆಳಗಾಗುವಷ್ಟರಲ್ಲಿ ಪೈಪಿನ ಕೆಳಗಿನ ಡಬ್ಬಿ ತುಂಬಿರುತ್ತಿತ್ತು.

ಬೋರಿನ ಬೇಳೆ ಅರೆಬೆಂದಿತು. ಹೊಳೆಯ ಬೇಳೆ ಹೇಗೋ ಮರ್ಯಾದೆ ಉಳಿಸಿಕೊಂಡಿತು. ನೀಲಿ ಬಕೆಟಿನ ಬೇಳೆ ಕುದಿದು ಕುದಿದು ಕೊನೆಗೂ ಜಲ್ಲಿಯಾಗಿಯೇ ಉಳಿಯಿತು. ಫಿಲ್ಟರಿನದು ಮೆತ್ತಗಾಯಿತು. ಏಸಿಯದಂತೂ ಸೌಟು ಆಡಿಸುವ ಮೊದಲೇ ಕರಗಿ ಬೆಣ್ಣೆಯಾಗಿ ಕೂತಿತ್ತು.

ಫಿಲ್ಟರಿನ ನೀರನ್ನು ಗಿಡಕ್ಕೆ ಸುರಿಯಲು ಆ ಮನೆಯಲ್ಲಿ ಯಾರೂ ಬಿಡುತ್ತಿರಲಿಲ್ಲ. ಏಸಿಯ ನೀರಿಗೆ ಮಾತ್ರ ಯಾರ ಹಂಗೂ ಇರಲಿಲ್ಲ. ರಾಯವ್ವ ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಹಿಂದಿನಿಂದ ಕೋಲಿನ ಸದ್ದಾಯಿತು. ಮಧ್ಯಾಹ್ನದ ನಿದ್ದೆ ಮುಗಿಸಿದ ಅಣ್ಣಾ ಬೇಳೆಯ ವಾಸನೆ ಹಿಡಿದು ಬಂದಿದ್ದರು. ಅವರ ಬಾಯಲ್ಲಿ ಹಲ್ಲಿಲ್ಲ, ಕಟ್ಟಿಸಿದ ಹಲ್ಲು ಪೆಟ್ಟಿಗೆಯಲ್ಲಿ ಇರುತ್ತದೆ. ಐದೂ ಪಾತ್ರೆ ಇಣುಕಿದ ಅಣ್ಣಾ ನೇರವಾಗಿ ಐದನೆಯದಕ್ಕೆ ಕೈ ಹಾಕಿದರು.

"ಅಣ್ಣಾ, ಅದು ಬ್ಯಾಡ್ರಿ!"

"ಯಾಕ? ಸೋಸಿಲ್ಲೇನು?"

"ಸೋಸೇನ್ರಿ, ಎರಡು ಮಡಿಕಿ ಬಟ್ಟಿಯೊಳಗ ಸೋಸೇನಿ, ಖರೆ."

ಅದು ಖರೆಯೇ ಆಗಿತ್ತು. ಸೋಸದ ನೀರನ್ನು ಆ ಮನೆಯ ಒಲೆಯ ಮೇಲೆ ಇಟ್ಟ ಪಾಪ ಅವಳಿಗೆ ಬೇಕಿರಲಿಲ್ಲ. ಅಣ್ಣಾ ಮುಂದೆ ಏನೂ ಕೇಳದೆ ಉಪ್ಪು, ತುಪ್ಪ ಹಾಕಿಸಿಕೊಂಡು ಬೇಳೆ ಪೂರ್ತಿ ಉಂಡರು, ಪಾತ್ರೆಯನ್ನೂ ಬಳಿದರು. "ಹತ್ತ ವರ್ಷ ಆತು ಇಂಥ ಬ್ಯಾಳಿ ಉಂಡು. ಏನ ಕೈಗುಣ ನಿಂದು! ನಾಳಿಂದ ನನ್ನ ಬ್ಯಾಳಿ ನೀನ ಬೇಯಿಸು" ಅಂದರು.

ಒಂದೇ ಮನೆಯಲ್ಲಿ ಸೊಸೆಗೆ ಕೆಟ್ಟದಾದ ಕೈ ಮಾವನಿಗೆ ಒಳ್ಳೆಯದಾಗಿತ್ತು. ಇದು ಏಸಿಯ ನೀರಿನ ಗುಣ ಎಂದು ರಾಯವ್ವನಿಗೆ ಬಾಯಿ ಬಿಟ್ಟು ಹೇಳಿಬಿಡಬೇಕು ಅನ್ನಿಸಿತು. ಆದರೆ ಹೊಗಳಿಕೆ ಇನ್ನೂ ಬಿಸಿಯಾಗಿತ್ತು, ಅದನ್ನು ಆರಿಸಲು ಮನಸ್ಸಾಗಲಿಲ್ಲ. ಹೂಂ ಅಂದಳು.

ಅಲ್ಲಿಂದ ಎರಡು ತಿಂಗಳು ಆ ಮನೆಯಲ್ಲಿ ಏಸಿಯ ನೀರು ಎರಡು ದಾರಿ ಹಿಡಿಯಿತು. ಮುಕ್ಕಾಲು ಪಾಲು ಆರ್ಕಿಡ್‌ಗಳಿಗೆ, ಕಾಲು ಪಾಲು ಅಣ್ಣಾರ ಬೇಳೆಗೆ. ಮೊದಲು ಕುಂಡಗಳನ್ನು ಮೂರು ಸಲ ಚೆನ್ನಾಗಿ ತೊಳೆದು ಉಪ್ಪು ಇಳಿಸಿದಳು. ನೀಲಿ ಬಕೆಟಿನ ನೀರನ್ನು ಚೆಲ್ಲಿದರೆ ಅಣ್ಣಾರಿಗೆ ನೋವು ಎಂದು ಅದರಲ್ಲಿ ನೆಲ ಒರೆಸಿದಳು. ಮೇ ತಿಂಗಳಲ್ಲಿ ಬೇರುಗಳಿಗೆ ಹಸಿರು ತುದಿ ಮೂಡಿತು, ಹೊಸ ಎಲೆ ಬಂತು. ವಹಿನಿ ಹಿಗ್ಗಿ, ಇದೆಲ್ಲ ಹೊಸ ಭಜನೆಯ ಪ್ರಭಾವ ಎಂದು ಮಂಡಳದಲ್ಲಿ ಭಾಷಣ ಮಾಡಿಬಂದಳು. ರಾಯವ್ವ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಜೂನ್ ಮೊದಲ ವಾರ ಎರಡು ದಿನ ಅಡ್ಡಮಳೆ ಬಿದ್ದು ಹವೆ ತಂಪಾಯಿತು. ಆಮೇಲೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಮೋಡ. ಸಂಮೇದ ಏಸಿ ಬಂದ್ ಮಾಡಿ ಚಾದರ ಹೊದ್ದು ಮಲಗತೊಡಗಿದ. ಪೈಪು ಒಣಗಿತು. ಅದೇ ವಾರ ಒಂದು ಆರ್ಕಿಡ್‌ನಲ್ಲಿ ಹೂದಂಟು ಚಿಗುರಿತ್ತು, ಇತ್ತ ಅಣ್ಣಾ ತಟ್ಟೆಯ ಮುಂದೆ ಕೂತಿದ್ದರು.

"ಸಂಮೇದ ದಾದಾ, ಏಸಿ ಹಚ್ಚಿ ಮಲಗ್ರಿ. ಸೆಕಿ ಭಾಳ ಐತಿ" ಎಂದು ರಾಯವ್ವ ಕಾಳಜಿ ತೋರಿಸಿದಳು.

ಸಂಮೇದ ಸೀನುತ್ತ ಅವಳನ್ನು ನೋಡಿದ. "ಮಾವಶಿ, ನಿಮಗ ಆರಾಮ ಇಲ್ಲೇನು?"

ಅವನು ವರ್ಕ್‌ಶಾಪಿಗೆ ಹೋದಮೇಲೆ ರಾಯವ್ವ ತಾನೇ ರಿಮೋಟ್ ಹಿಡಿದು, ಯಾವ ಗುಂಡಿ ಎಂದು ತಿಳಿಯದೆ ಎಲ್ಲವನ್ನೂ ಒತ್ತಿ, ಖಾಲಿ ಕೋಣೆಯಲ್ಲಿ ಏಸಿ ಹಚ್ಚಿಬಿಟ್ಟಳು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ವಹಿನಿ ಮಗ್ಗುಲ ಕೋಣೆಯ ಗೋಡೆ ಮುಟ್ಟಿ, ಅದರ ತಣ್ಪಿಗೆ ಬೆಚ್ಚಿದಳು. ಕೋಣೆಯ ಬಾಗಿಲು ತೆರೆದರೆ ಒಳಗೆ ಹಿಮಾಲಯ. ಅಲ್ಲಿಂದ ಹಿತ್ತಲಿಗೆ ಬಂದರೆ, ರಾಯವ್ವ ಪೈಪಿನ ಕೆಳಗಿನ ಡಬ್ಬಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಭಕ್ತಿಯಿಂದ ಬೇಳೆಯ ಪಾತ್ರೆಗೆ ಸೋಸುತ್ತಿದ್ದಳು.

"ಅಗೋ ಬಾಯಿ! ಇದೇನು ರಾಯವ್ವಾ?"

"ನೀರ್ರಿ ವಹಿನಿ."

"ನೀರು ಅಂತ ನನಗೂ ಕಾಣಸ್ತದ. ಈ ನೀರಿನ್ಯಾಗ ಅಣ್ಣಾಗ ಬ್ಯಾಳಿ ಬೇಯಿಸ್ತೀ? ಎಷ್ಟು ದಿನದಿಂದ?"

"ಪಾಡವ್ಯಾದ ಮ್ಯಾಲಿಂದ್ರಿ."

ವಹಿನಿ ತಲೆಗೆ ಕೈಹಚ್ಚಿ ಮೆಟ್ಟಿಲ ಮೇಲೆ ಕೂತಳು. ಗದ್ದಲ ಕೇಳಿ ಅಣ್ಣಾ ಬಂದರು. ಎದುರು ಮನೆಯಿಂದ ಹೆಪ್ಪು ಕೇಳುವ ನೆವ ಮಾಡಿಕೊಂಡು ದುಂಡವ್ವನೂ ಬಂದಳು. ಇನ್ನು ಮುಚ್ಚಿಟ್ಟು ಲಾಭವಿಲ್ಲ ಎಂದು ರಾಯವ್ವ ಇದ್ದಿಲು ನೆಕ್ಕಿದ್ದರಿಂದ ಹಿಡಿದು ಐದು ಬೇಳೆಯವರೆಗೆ ಎಲ್ಲವನ್ನೂ ಹೇಳಿದಳು. ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದಳು. ಆದರೂ ಹೇಳುತ್ತ ಹೇಳುತ್ತ ಅವಳ ಧ್ವನಿ ಏರಿತು.

"ಗಿಡಾ ಕೊಂದದ್ದು ನನ್ನ ಕೈ ಅಲ್ರಿ ವಹಿನಿ, ನಿಮ್ಮ ನೀಲಿ ಬಕೇಟು! ಬೋರಿನ ಉಪ್ಪೆಲ್ಲಾ ಆ ಮಿಶಿನ್ನು ಇದರಾಗ ಉಗಳತೈತಿ. ಬೇಕಾದರ ನೆಕ್ಕಿ ನೋಡ್ರಿ."

ವಹಿನಿ ನೆಕ್ಕಲಿಲ್ಲ. ಆದರೆ ಎದ್ದು ಹೋಗಿ ಕುಂಡಗಳನ್ನು ನೋಡಿದಳು, ಅಂಚುಗಳು ಸ್ವಚ್ಛವಾಗಿದ್ದವು. ಹೂದಂಟು ನೋಡಿದಳು, ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಅಣ್ಣಾ ಕೋಲು ಕುಟ್ಟಿ, "ಮಳಿ ನೀರೂ ಗಾಳಿಯೊಳಗಿಂದನ ಬರತದ. ಸೋಸ್ಯಾಳ, ಕುದಿಸ್ಯಾಳ. ಬ್ಯಾಳಿ ಆರತದ, ಮೊದಲ ಬಡಸ್ರಿ" ಎಂದು ತೀರ್ಪು ಕೊಟ್ಟರು. ವಹಿನಿಗೆ ನಗು ಬಂತು. ಇನ್ನು ಬೇಳೆ ಫಿಲ್ಟರಿನ ನೀರಿನಲ್ಲೇ, ಮಳೆ ಹಿಡಿಯುವವರೆಗೆ ಏಸಿಯ ನೀರು ಗಿಡಗಳಿಗೆ ಮಾತ್ರ, ಆಮೇಲೆ ಮಾಳಿಗೆಯ ಮೇಲೆ ಪಿಪಾಯಿ ಇಟ್ಟು ಮಳೆನೀರು ಎಂದು ಗೊತ್ತುಮಾಡಿದಳು. ಕೊನೆಗೆ ದುಂಡವ್ವನ ಕಡೆ ತಿರುಗಿ ದೊಡ್ಡ ಮನಸ್ಸಿನಿಂದ ಸಾರಿದಳು: "ನಾ ತಪ್ಪ ಮಾತಾಡಿದ್ದೆ. ರಾಯವ್ವನ ಕೈಯಾಗ ಏನೂ ದೋಷ ಇಲ್ಲ. ಗಿಡಾ ಬದುಕೂದು ಸಾಯೂದು ಕೈಯಾಗ ಇಲ್ಲಽ ಇಲ್ಲ, ಎಲ್ಲಾ ನೀರಿನ್ಯಾಗ ಅದ."

ರಾಯವ್ವ ಗೆದ್ದ ಖುಷಿಯಲ್ಲಿ ಬಸ್ಸು ಹತ್ತಿದಳು. ಮಿರಜ ದಾಟಿದ ಮೇಲೆ ದುಂಡವ್ವ ಬಾಯಿ ತೆರೆದಳು.

"ವಹಿನಿ ಅಂದದ್ದು ಕೇಳಿದೆ. ಎಲ್ಲಾ ನೀರಾಗ ಐತಂತ, ಕೈಯಾಗ ಏನೂ ಇಲ್ಲಂತ. ಹಂಗಾದರ ರಾಯಕ್ಕಾ, ಬಳ್ಳಿ ಊರಾಕ ನಿನ್ನ ಯಾಕ ತ್ರಾಸ ಕೊಡೂದು? ನಮ್ಮ ಬಾಳು ಹೊಸಾ ಬೋರ್ ಹೊಡಿಶ್ಯಾನ, ನೀರು ರಗಡ ಐತಿ."

ರಾಯವ್ವ ಕೆಟ್ಟ ಹೆಸರು ತೊಳೆಯಲು ಹೋಗಿ ಅದೇ ನೀರಿನಲ್ಲಿ ಒಳ್ಳೆಯ ಹೆಸರನ್ನೂ ತೊಳೆದುಕೊಂಡಿದ್ದಳು. ಇಷ್ಟು ವರ್ಷ ಅವಳು ಊರಿದ್ದೆಲ್ಲ ಬದುಕಿದ್ದು ಹಾಗಾದರೆ ಯಾತರಿಂದ? ಒಂದೊಂದೇ ಹೊಲ ನೆನೆಸಿಕೊಂಡಳು. ಕುರಿಯವರ ಮಗಳಲ್ಲವೇ, ಯಾವ ಹೊಲಕ್ಕೆ ಹೋದರೂ ಮೊದಲು ಅಲ್ಲಿಯ ಬಾವಿಯ ಒಂದು ಗುಟುಕು ಕುಡಿಯುವುದು ಅವಳ ರೂಢಿ. ನೀರು ಸವುಳಾಗಿದ್ದ ಕಡೆ ಅವಳಿಗೆ ಅಂದೇ ಮೊಣಕಾಲು ನೋಯುತ್ತಿತ್ತು, ಇಲ್ಲವೇ ತಲೆ ಸುತ್ತುತ್ತಿತ್ತು, ಇನ್ಯಾರನ್ನಾದರೂ ಕರೆಯಿರಿ ಎಂದು ಮನೆಗೆ ಬಂದುಬಿಡುತ್ತಿದ್ದಳು. ಬೇಕೆಂದೇ ಮಾಡಿದ್ದಲ್ಲ. ಯಾಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಹೊಳೆದು ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಗಟ್ಟಿಯಾಗಿ ನಕ್ಕಳು, ಕಂಡಕ್ಟರ್ ತಿರುಗಿ ನೋಡಿದ.

"ದುಂಡಿ, ನಿಮ್ಮ ಹೊಸಾ ಬೋರಿನ ನೀರಾಗ ಬ್ಯಾಳಿ ಬೇಯತೈತೇನು?"

ದುಂಡವ್ವನ ಮುಖ ಇಳಿಯಿತು. "ಇಲ್ಲ ನೋಡು. ಕುಕ್ಕರಿನ್ಯಾಗ ಎಂಟ ಸೀಟಿ ಹೊಡಸೇನಿ, ಹಂಗ ಕುಂತಿತ್ತು."

ಮಿರಗ ಕೂಡಿದ ಸೋಮವಾರ ರಾಯವ್ವನನ್ನು ತೋಟಕ್ಕೆ ಕರೆದರು, ಕೈಗಲ್ಲ, ನಾಲಿಗೆಗೆ. ಬಳ್ಳಿಯ ಆಸರೆಗೆ ನುಗ್ಗೆ ಗಿಡಗಳನ್ನು ಮೊದಲೇ ಬೆಳೆಸಿದ್ದರು. ಎಲೆತೋಟಕ್ಕೆ ಕಾಲ್ಮರಿ ಹಾಕಿಕೊಂಡು ಹೋಗಬಾರದು, ಎಲ್ಲರೂ ಬದುವಿನ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಬಾಳು ಎರಡು ತಂಬಿಗೆ ತಂದಿಟ್ಟ. ಬೋರಿನದನ್ನು ರಾಯವ್ವ ಬಾಯಿಗೆ ಹಾಕಿ ಉಗಿದಳು. ಬೋರು ಬಂದಮೇಲೆ ಯಾರೂ ತಿರುಗಿ ನೋಡದ ಹಳೆಯ ಬಾವಿಯದನ್ನು ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟಳು.

"ಇದು."

"ಮಾವಶಿ, ಪೈಪೆಲ್ಲಾ ಬೋರಿಗೆ ಜೋಡಿಸೇನಲ್ರಿ!"

"ತಿರಗಸು."

ಬಾಳು ಗೊಣಗುತ್ತ ತಿರುಗಿಸಲು ಹೋದ. ಪೈಪಿನಲ್ಲಿ ಬಾವಿಯ ನೀರು ಬಂದಾಗ ದುಂಡವ್ವ ಅರಿಸಿನ ಕುಂಕುಮದ ತಟ್ಟೆಯಲ್ಲಿ ಮೊದಲ ಬಳ್ಳಿಯ ತುಂಡು ಇಟ್ಟು ತಂದಳು. "ಆಗಿದ್ದಾತು ರಾಯಕ್ಕಾ. ಬಂದದ್ದ ಬಂದೀ, ಕೈನೂ ಹಚ್ಚಿಬಿಡು."

ಮೂರು ತಿಂಗಳಿಂದ ಅವಳು ಕಾಯುತ್ತಿದ್ದ ಮಾತು ಇದೇ. ಕೈ ತಾನಾಗಿ ಮುಂದೆ ಹೋಯಿತು, ಬಳ್ಳಿ ಎತ್ತಿಕೊಂಡಿತು. ಆಮೇಲೆ ರಾಯವ್ವನಿಗೆ ಏನನ್ನಿಸಿತೋ, ಅದನ್ನು ದುಂಡವ್ವನ ಕಡೆ ಚಾಚಿದಳು. "ನಿನ್ನ ತೋಟ. ನೀನ ಊರು."

ದುಂಡವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನಾ ಒಲ್ಲೆ! ನನ್ನ ಕೈಗುಣ ಚೊಲೋ ಇಲ್ಲ. ಲಗ್ನಾಗಿ ಬಂದ ವರ್ಷ ಹಳ್ಳದ ಹೊಲದಾಗ ನಮ್ಮತ್ತಿ ನನ್ನ ಕಡಿಂದ ಬದನಿ ಸಸಿ ಊರಿಸಿದ್ದಳು, ಒಂದೂ ಹತ್ತಲಿಲ್ಲ. ಸೊಸಿ ಕೈ ಕೆಟ್ಟದ್ದು ಅಂತ ಊರ ತುಂಬ ಹೇಳಿದಳು. ಮೂವತ್ತ ವರ್ಷ ಆತು, ಒಂದು ಕೊತ್ತಂಬರಿ ಬೀಜಾ ಸೈತ ಹಾಕಿಲ್ಲ ನಾನು."

ಹಳ್ಳದ ಹೊಲ. ಆ ಬಾವಿಯ ಗುಟುಕು ರಾಯವ್ವನ ನಾಲಿಗೆಯ ಮೇಲೆ ಈಗಲೂ ಇತ್ತು. ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಅವತ್ತ ನಿಮ್ಮತ್ತಿ ಮೊದಲ ನನ್ನ ಕರಕೊಂಡ ಹೋಗಿದ್ದಳ ದುಂಡಿ. ಆ ನೀರು ಕುಡದೆ. ಮೊಣಕಾಲ ನೋವು ಅಂತ ಹೇಳಿ ಮನಿಗೆ ಬಂದೆ. ನಾ ಒಲ್ಲೆ ಅಂದದ್ದಕ್ಕ ನಿನ್ನ ಕೈಯಾಗ ಕೊಟ್ಟರು. ನೀರು ಸವುಳಿತ್ತು. ನಿನ್ನ ಕೈಯಲ್ಲ."

ದುಂಡವ್ವ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು. "ಮೂವತ್ತ ವರ್ಷ ಹೋತಲ್ಲೇ ಮುದುಕಿ! ನಿನ್ನ ಮೊಣಕಾಲಿಗೆ ಬೆಂಕಿ ಬೀಳಲಿ!" ಎಂದು ಬಳ್ಳಿಯನ್ನು ಕಸಿದುಕೊಂಡು, ಸೀರೆ ಮೇಲೆ ಕಟ್ಟಿ, ನುಗ್ಗೆ ಗಿಡದ ಬುಡಕ್ಕೆ ಕೂತು ಊರಿದಳು. ಇನ್ನೊಂದು ಊರಿದಳು. ಬಾಳು ಕೈ ಹಚ್ಚಲು ಬಂದಾಗ ಅವನ ಕೈಗೆ ಹೊಡೆದಳು. ರಾಯವ್ವ ಬಾವಿಯ ನೀರಿನ ಕೊಡ ಹಿಡಿದು ಹಿಂದಿನಿಂದ ನೀರು ಹಾಕುತ್ತ ಬಂದಳು. ದುಂಡವ್ವ ತಿರುಗಿ ನೋಡದೆ ಅವಳನ್ನು ಬೈಯುತ್ತಲೇ ಇದ್ದಳು, ಸಂಜೆಯವರೆಗೂ ಆ ತೋಟದಲ್ಲಿ ಬೇರೆ ಯಾರಿಗೂ ಒಂದು ಬಳ್ಳಿ ಊರಲು ಸಿಗಲಿಲ್ಲ.